ಹಿಂದಿ ಮಾಸ್ತರರ ಹಳದಿ ದೀಪ

ಕೀ ತಿರುಗಿಸಿದ ಕೂಡಲೇ ಗಾಡಿ ಸ್ಟಾರ್ಟ್ ಮಾಡುವ ಅಭ್ಯಾಸ ನನ್ನದಲ್ಲ. ಅರ್ಧ ತಿರುಗಿಸಿ ಕಾಯುತ್ತೇನೆ. ಎದುರಿನ ಫಲಕದಲ್ಲಿ ದೀಪಗಳೆಲ್ಲ ಒಮ್ಮೆ ಹೊತ್ತಿಕೊಳ್ಳಬೇಕು. ಅವುಗಳ ನಡುವೆ ಇಂಜಿನ್ನಿನ ಚಿತ್ರವಿರುವ ಆ ಹಳದಿ ದೀಪವೂ ಬರಬೇಕು. ಆಮೇಲೆ ಸ್ಟಾರ್ಟ್ ಮಾಡಿದಾಗ ಅದು ಆರಬೇಕು. ಪಕ್ಕದಲ್ಲಿ ಕುಳಿತ ನನ್ನ ಗಂಡ, "ಮಂಗಳಾರತಿ ಆಯ್ತಾದ್ರೆ ಹೊರಡುವ" ಎನ್ನುತ್ತಾರೆ. ಅನ್ನಲಿ. ಈ ಪಾಠ ನನಗೆ ಹೇಳಿಕೊಟ್ಟವರು ಡ್ರೈವಿಂಗ್ ಕಲಿಸಿದವರೂ ಅಲ್ಲ, ಗ್ಯಾರೇಜಿನವರೂ ಅಲ್ಲ. ನಮ್ಮ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ಮಾಸ್ತರರು. ಈ ಮಳೆಗಾಲದ ನಡುವೆ ಅವರು ತೀರಿಕೊಂಡರು.

"ಬರುವುದನ್ನೂ ನೋಡ್ಬೇಕು ಟೀಚರ್, ಹೋಗುವುದನ್ನೂ ನೋಡ್ಬೇಕು," ಎನ್ನುತ್ತಿದ್ದರು. "ಬರದೇ ಇದ್ರೆ ಇನ್ನೂ ಅಪಾಯ. ಯಾರೋ ಬಲ್ಬೇ ತೆಗೆದಿದ್ದಾರೆ ಅಂತ ಲೆಕ್ಕ. ಹಳೆ ಗಾಡಿ ತೆಗೊಳ್ಳುವಾಗ ಉರಿಯುವ ದೀಪವನ್ನಾದ್ರೂ ನಂಬಬಹುದು, ಕಪ್ಪಾಗಿ ಕೂತ ದೀಪವನ್ನು ನಂಬ್ಲಿಕ್ಕಿಲ್ಲ."

ಬೆಳ್ತಂಗಡಿಯ ನಮ್ಮ ಹೈಸ್ಕೂಲಿನಲ್ಲಿ ನಾನು ಗಣಿತ, ಅವರು ಹಿಂದಿ. ಇಬ್ಬರ ಮನೆಯೂ ಲಾಯಿಲದಲ್ಲಿ, ನಡುವೆ ಒಂದು ಓಣಿ ಅಷ್ಟೆ. ಗಿಡ್ಡ ಆಳು. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ. ಕೊಡೆಯನ್ನು ಬೆನ್ನ ಹಿಂದೆ ಕಾಲರಿಗೆ ಸಿಕ್ಕಿಸಿಕೊಂಡು ನಡೆಯುವರು. ಏಪ್ರಿಲ್ ತಿಂಗಳಿನಲ್ಲೂ ಆ ಕೊಡೆ ಅಲ್ಲಿಯೇ ಇರುತ್ತಿತ್ತು. ತುಳುನಾಡಿನ ಮಕ್ಕಳಿಗೆ ಹಿಂದಿಯ ಲಿಂಗ ಕಲಿಸುವುದು ಎಂದರೆ ಬಂಡೆಯ ಮೇಲೆ ಬೀಜ ಬಿತ್ತಿದ ಹಾಗೆ ಎಂದು ಅವರೇ ಹೇಳುತ್ತಿದ್ದರು. ಆದರೂ ಬಿತ್ತುವುದನ್ನು ಬಿಡಲಿಲ್ಲ. ಯಾರದಾದರೂ ಗಾಡಿ ಕೆಟ್ಟಿತು ಎಂದರೆ ಅಲ್ಲಿಯೂ ವ್ಯಾಕರಣ. "ನೋಡಿ, ಗಾಡಿ ಸ್ತ್ರೀಲಿಂಗ, ಇಂಜಿನ್ ಪುಲ್ಲಿಂಗ. ಎರಡೂ ಒಂದೇ ಮನೆಯಲ್ಲಿ ಸಂಸಾರ ಮಾಡ್ಬೇಕು. ದೀಪ ಉರಿಯದೆ ಇರ್ತದಾ?"

ಅವರ ಹತ್ತಿರ ಅಂಗೈಯಗಲದ ಒಂದು ಯಂತ್ರ ಇತ್ತು. ಸ್ಟೇರಿಂಗಿನ ಕೆಳಗೆ ಇರುವ ತೂತಿಗೆ ಅದರ ವಯರು ಸಿಕ್ಕಿಸಿದರೆ, ಹಳದಿ ದೀಪ ಯಾಕೆ ಹೊತ್ತಿದೆ ಎಂದು ಒಂದು ನಂಬರು ತೋರಿಸುತ್ತಿತ್ತು. ಆ ನಂಬರನ್ನು ಅವರು ಹಿಂದಿಯಲ್ಲಿ ಓದುವರು: "ಪೀ, ಶೂನ್ಯ, ತೀನ್, ಶೂನ್ಯ..." ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಮುಚ್ಚಿಕೊಂಡು ಓದುವರು. ಕಣ್ಣು ಮುಚ್ಚಿದರೆ ನಂಬರು ಹೇಗೆ ಕಾಣುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. ಅವರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುವುದು ಅವರ ಪದ್ಧತಿ.

ದೊಡ್ಡ ಪರಿಣತರೇನೂ ಅಲ್ಲ. ಅವರು ಹೇಳಿದ್ದು ತಪ್ಪಿ ಹೋದದ್ದೂ ಬೇಕಾದಷ್ಟುಂಟು. ನಮ್ಮ ಹೆಡ್ಮಾಸ್ತರರ ಗಾಡಿಗೆ ಹೊಗೆ ಅಳೆಯುವ ಸೆನ್ಸರ್ ಹೋಗಿದೆ ಎಂದು ಘೋಷಿಸಿ, ಮಂಗಳೂರಿನಿಂದ ಹೊಸದು ತರಿಸಿ ಹಾಕಿಸಿದರು. ದೀಪ ಮಾತ್ರ ಉರಿಯುತ್ತಲೇ ಇತ್ತು. ಕೊನೆಗೆ ನೋಡಿದರೆ ಇಲಿಯೊಂದು ಬಾನೆಟ್ಟಿನೊಳಗೆ ಗೂಡು ಕಟ್ಟಿ ಅದೇ ಸೆನ್ಸರಿನ ವಯರನ್ನು ಕಡಿದು ಹಾಕಿತ್ತು. ಸ್ಟಾಫ್ ರೂಮಿನಲ್ಲಿ ನಾವು ಒಂದು ವಾರ ನಗಾಡಿದೆವು. "ಯಂತ್ರ ರೋಗ ಹೇಳ್ತದೆ, ಇಲಿಯ ಹೆಸರು ಹೇಳುವುದಿಲ್ಲ," ಎಂದು ಅವರು ವಾದಿಸಿದರು. ಸೋಲನ್ನು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಅದರ ಕತೆಯನ್ನೇ ನಾನು ಹೇಳಬೇಕೆಂದಿರುವುದು.

ನಾನು ಮೊದಲ ಗಾಡಿ ತೆಗೆದುಕೊಂಡದ್ದು ಪಾಣೆಮಂಗಳೂರಿನಲ್ಲಿ, ಇನ್ನೊಬ್ಬರು ಓಡಿಸಿ ಬಿಟ್ಟದ್ದು. ತಂದ ಹೊಸದರಲ್ಲಿ ಒಂದು ಭಾನುವಾರ ಬಂಟ್ವಾಳದಲ್ಲಿ ಪೆಟ್ರೋಲು ತುಂಬಿಸಿ ಬರುತ್ತಿದ್ದೆ. ದಾರಿಯ ನಡುವೆ ಹಳದಿ ದೀಪ ಹೊತ್ತಿಕೊಂಡಿತು. ಮೋಸ ಹೋದೆ ಎಂದು ಮಾರ್ಗದ ಬದಿಗೆ ನಿಲ್ಲಿಸಿ ಅವರಿಗೆ ಫೋನ್ ಮಾಡಿದೆ.

"ಸುಮ್ಮನೆ ಉರಿಯುತ್ತದಾ, ಮಿಣಿಮಿಣಿ ಮಾಡ್ತದಾ?"

"ಸುಮ್ಮನೆ ಉರಿತದೆ."

"ಹಾಗಾದ್ರೆ ಮೆಲ್ಲ ಬನ್ನಿ. ಮಿಣಿಮಿಣಿ ಮಾಡಿದ್ರೆ ಮಾತ್ರ ಅಲ್ಲಿಯೇ ನಿಲ್ಲಿಸ್ಬೇಕು. ಉರಿಯುವುದು ಅಂದ್ರೆ ಅದು ಮಾತಾಡ್ಲಿಕ್ಕೆ ಉಂಟು ಅಂತ. ಮಿಣಿಮಿಣಿ ಅಂದ್ರೆ ಬೊಬ್ಬೆ."

ಮೆಲ್ಲ ಬಂದೆ. ಅವರು ಯಂತ್ರ ಸಿಕ್ಕಿಸಿದರು, ಕಣ್ಣು ಮುಚ್ಚಿದರು, ಆಮೇಲೆ ಹೋಗಿ ಪೆಟ್ರೋಲು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಅದು ಸಡಿಲವಾಗಿತ್ತು. ಟಕ್ ಟಕ್ ಎನ್ನುವವರೆಗೆ ಬಿಗಿ ಮಾಡಿ, "ಇಷ್ಟೇ," ಎಂದರು. ದೀಪ ಮಾತ್ರ ಆರಲಿಲ್ಲ. ಯಂತ್ರದಲ್ಲಿ ಅಳಿಸುವ ಗುಂಡಿ ಇರುತ್ತದಲ್ಲ, ಒತ್ತಿ ಅಳಿಸಿಬಿಡಿ ಎಂದೆ. ಆಗಲೇ ನೋಡಿದ್ದು, ಆ ಗುಂಡಿಯ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದರು.

"ಅಳಿಸ್ಲಿಕ್ಕೆ ಆಗ್ತದೆ. ನಾನು ಅಳಿಸುವುದಿಲ್ಲ. ಕೆಲವು ದಿನ ಓಡಿಸಿ, ಅದೇ ಹೋಗ್ತದೆ. ಗಾಡಿಗೂ ನಂಬಿಕೆ ಬರ್ಬೇಕಲ್ಲ."

ಹಾಗೆಯೇ ಆಯಿತು. ಒಂದು ದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ದೀಪ ತನ್ನಷ್ಟಕ್ಕೇ ಹೋಗಿತ್ತು. ಆ ಪ್ಲಾಸ್ಟರ್ ಯಾಕೆ ಎಂದು ಆಗ ನಾನು ಕೇಳಲಿಲ್ಲ. ಏನೋ ಮುದುಕರ ಮಡಿವಂತಿಕೆ ಎಂದುಕೊಂಡೆ.

ನಮ್ಮ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರಿದ್ದರು, ಡ್ರಾಯಿಂಗ್ ಮಾಸ್ತರರು. ನಾರಾವಿಯವರು. ಊರಿನಲ್ಲಿ ಸ್ವಲ್ಪ ರಬ್ಬರು ತೋಟ, ಸ್ವಲ್ಪ ಗದ್ದೆ. ಎತ್ತರದ ಆಳು, ಉಗುರುಗಳಲ್ಲಿ ಯಾವಾಗಲೂ ಬಣ್ಣ. ಇವರಿಬ್ಬರೂ ಒಂದೇ ವರ್ಷ ನೌಕರಿಗೆ ಸೇರಿದವರು, ಒಂದು ಕಾಲದಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿ ಗಂಜಿ ಬೇಯಿಸಿ ಉಂಡವರು. ನಾನು ಆ ಶಾಲೆಗೆ ಬರುವಾಗ ಅವರು ಮಾತು ಬಿಟ್ಟಾಗಿತ್ತು.

ಮಾತು ಬಿಟ್ಟವರು ಒಂದೇ ಕೋಣೆಯಲ್ಲಿ ಕೆಲಸ ಮಾಡಬೇಕಾದರೆ ನಡುವೆ ಒಬ್ಬರು ಬೇಕಾಗುತ್ತದೆ. ಆ ಭಾಗ್ಯ ನನ್ನ ಪಾಲಿಗೆ ಬಂತು, ಯಾಕೆಂದರೆ ನನ್ನ ಕುರ್ಚಿ ಇದ್ದದ್ದು ಇಬ್ಬರ ನಡುವೆ. "ಟೀಚರ್, ಅವರಿಗೆ ಹೇಳಿ, ಎಂಟನೇ ಕ್ಲಾಸಿನ ಪೀರಿಯಡ್ ನನಗೆ ಇವತ್ತು ಬೇಕು ಅಂತ." ಅವರು ಎಂದರೆ ಒಂದು ಮಾರು ದೂರದಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿರುವವರು. "ಕೊಡ್ತೇನೆ ಅಂತ ಹೇಳಿ ಟೀಚರ್." ನಾನು ಬಾಯಿ ತೆರೆಯುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ನೀವಿಬ್ಬರೂ ನನಗೆ ಅಂಚೆಯವನ ಸಂಬಳ ಕೊಡಬೇಕು ಎಂದು ರೇಗಿಸುತ್ತಿದ್ದೆ. ಇಬ್ಬರೂ ನಗುತ್ತಿದ್ದರು, ಆದರೆ ಒಬ್ಬರ ಮುಖ ಒಬ್ಬರು ನೋಡದೆ.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬರಲು ಸ್ವಲ್ಪ ಸಮಯ ಹಿಡಿಯಿತು. ನಮ್ಮಲ್ಲಿ ಮಕ್ಕಳ ಎದುರು ಕನ್ನಡ, ಸ್ಟಾಫ್ ರೂಮಿಗೆ ಕಾಲಿಟ್ಟರೆ ತುಳು. ಈ ಇಬ್ಬರೂ ಉಳಿದ ಎಲ್ಲರ ಹತ್ತಿರವೂ ತುಳುವಿನಲ್ಲೇ ಹರಟುವರು. ಪರಸ್ಪರರ ಸುದ್ದಿ ಬಂದಾಗ ಮಾತ್ರ ಕನ್ನಡ, ಅದೂ ಸರ್ಕಾರಿ ಕಾಗದದ ಕನ್ನಡ. 'ಅವನು' ಎಂಬುದು 'ಅವರು' ಆಗಿತ್ತು. ಜಗಳ ಆಡಿದವರು ಮರ್ಯಾದೆ ಕಡಿಮೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಇವರು ಹೆಚ್ಚು ಮಾಡಿದ್ದರು.

ಮಧ್ಯಾಹ್ನದ ಚಹಾವನ್ನು ಶಾಲೆಯ ಆಳು ಎಲ್ಲರಿಗೂ ಸುರಿದು ಕೊಡುವುದು. ಒಂದು ದಿನ ಆಳು ರಜೆ. ಹಿಂದಿ ಮಾಸ್ತರರು ಎದ್ದು ಎಲ್ಲರ ಲೋಟಕ್ಕೂ ಸುರಿದರು, ಡ್ರಾಯಿಂಗ್ ಮಾಸ್ತರರ ಲೋಟಕ್ಕೂ. ಅವರು ಬೇಡ ಎನ್ನಲಿಲ್ಲ. ಲೋಟದ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿದರು, ಹಾಗೆಯೇ ಬಿಟ್ಟರು. ಬೆಲ್ಲು ಹೊಡೆಯುವಾಗ ಅದರ ಮೇಲೆ ಕೆನೆ ಕಟ್ಟಿತ್ತು. ಆ ಸಂಜೆ ಹಿಂದಿ ಮಾಸ್ತರರ ಹೆಂಡತಿಯ ಹತ್ತಿರ ನಾನು ಕೇಳಿಯೇಬಿಟ್ಟೆ. ಆ ಅಕ್ಕ ಹೇಳಿದ್ದು ಇಷ್ಟು.

ಮಾಸ್ತರರ ಹತ್ತಿರ ಒಂದು ಹಳೆಯ ಪೆಟ್ರೋಲು ಗಾಡಿ ಇತ್ತು. ನಮ್ಮ ಶಾಲೆಯಲ್ಲಿ ಮೊದಲು ಗಾಡಿ ತೆಗೆದುಕೊಂಡವರು ಅವರೇ, ಹಾಗಾಗಿ ಹೊಗಳಿಕೆ ಸ್ವಲ್ಪ ಜಾಸ್ತಿ. "ಇಂಥ ಗಾಡಿ ಇನ್ನು ಯಾರೂ ಮಾಡುವುದಿಲ್ಲ" ಎಂದು ಸ್ಟಾಫ್ ರೂಮಿನಲ್ಲಿ ದಿನಾ ಭಾಷಣ. ಆ ಗಾಡಿಯ ಹಳದಿ ದೀಪ ಒಮ್ಮೆ ಬರುವುದು, ಒಮ್ಮೆ ಹೋಗುವುದು. ಹೊಗಳಿದ ಬಾಯಿಯಿಂದ ಅದನ್ನು ಹೇಳುವುದು ಹೇಗೆ? ಹೇಳಲಿಲ್ಲ. ಅಷ್ಟರಲ್ಲಿ ಡ್ರಾಯಿಂಗ್ ಮಾಸ್ತರರ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ ಬಂತು. ವಾರವಾರ ಮೂಡುಬಿದಿರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಬಸ್ಸಿನಲ್ಲಿ ಆಗುವುದಿಲ್ಲ. "ನಿನ್ನ ಗಾಡಿ ನನಗೆ ಕೊಡು, ನೀನು ಬೇರೆ ತೆಗೆದುಕೋ" ಎಂದು ಗೆಳೆಯ ಕೇಳಿದರು. ಇವರಿಗೆ ಬೇಡ ಎನ್ನಲಿಕ್ಕೆ ಬಾಯಿ ಬರಲಿಲ್ಲ. ಗಾಡಿಯನ್ನು ಗ್ಯಾರೇಜಿಗೆ ಒಯ್ದರು. ಅಲ್ಲಿಯವನು ದೀಪಕ್ಕೆ ಕಾರಣ ಹುಡುಕಲು ಎರಡು ದಿನ ಬೇಕು ಎಂದ. ಇವರಿಗೆ ಪುರುಸೊತ್ತಿರಲಿಲ್ಲ. ಬ್ಯಾಟರಿಯ ವಯರು ಬಿಚ್ಚಿ ಪುನಃ ಸಿಕ್ಕಿಸಿದರೆ ಗಾಡಿ ತನ್ನ ನೆನಪನ್ನೆಲ್ಲ ಮರೆಯುತ್ತದೆ, ದೀಪವೂ ಹೋಗುತ್ತದೆ. ಹಾಗೆ ಮಾಡಿಸಿಕೊಂಡು ಬಂದರು.

ಮರುದಿನ ಗೆಳೆಯ ಗಾಡಿ ತೆಗೆದುಕೊಂಡು ಹೋಗಲು ಬಂದರು. ಚಿತ್ರ ಬರೆಯುವವರ ಕಣ್ಣಲ್ಲವೇ, ಆ ಹಳದಿ ದೀಪ ಯಾವಾಗಲೋ ಅವರ ಕಣ್ಣಿಗೆ ಬಿದ್ದಿತ್ತು. ಯಾರೋ ಕೈ ಬಾರದವರು ಬರೆದ ಗಿಂಡಿಯ ಹಾಗೆ ಉಂಟು ಎಂದು ತಮಾಷೆ ಮಾಡಿದ್ದೂ ಉಂಟಂತೆ. ಸೀಟಿನಲ್ಲಿ ಕುಳಿತು, "ಆ ಗಿಂಡಿದ ಲೈಟ್ ಉಂಡಾ?" ಎಂದು ತುಳುವಿನಲ್ಲಿ ಕೇಳಿದರು. ಆ ದೀಪ ಉಂಟಾ ಎಂದು.

"ಇತ್ತೆ ಇಜ್ಜಿ," ಎಂದರು ಇವರು. ಈಗ ಇಲ್ಲ.

ದೀಪ ಕೆಲವೇ ದಿನಗಳಲ್ಲಿ ಬಂತು. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ, ಮೂಡುಬಿದಿರೆಯ ದಾರಿಯ ಒಂದು ಏರಿನಲ್ಲಿ ಮಿಣಿಮಿಣಿ ಮಾಡಲು ಶುರುಮಾಡಿತು. ಗಾಡಿ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಕಾಯಿಲೆಯ ಹೆಂಗಸು, ಹೊರಗೆ ಮಳೆ. ಕೊನೆಗೆ ಯಾರದೋ ಜೀಪು ಸಿಕ್ಕಿತು, ಆಸ್ಪತ್ರೆಗೆ ತಡವಾಗಿಯಾದರೂ ತಲುಪಿದರು, ಆಕೆಗೆ ಏನೂ ಆಗಲಿಲ್ಲ. ಆದರೆ ಆಕೆ ಮತ್ತೆ ಆ ಗಾಡಿಗೆ ಹತ್ತಲಿಲ್ಲ.

ಡ್ರಾಯಿಂಗ್ ಮಾಸ್ತರರು ಗಾಡಿಯನ್ನು ಎಳೆಸಿಕೊಂಡು ಬಂದು ಇವರ ಅಂಗಳದಲ್ಲಿ ನಿಲ್ಲಿಸಿದರು. ಬೈಯಲಿಲ್ಲವಂತೆ. ಒಂದೇ ಕೇಳಿದ್ದು, "ನಿನಗೆ ಗೊತ್ತಿತ್ತಾ?"

ಆಗ ಗೊತ್ತಿತ್ತು ಎಂದಿದ್ದರೆ ಮುಗಿದು ಹೋಗುತ್ತಿತ್ತು. ಇವರು ಕನ್ನಡಕ ತೆಗೆದು ಒರೆಸಿದರು. ಒರೆಸಿ, "ನಾನು ಇಜ್ಜಿ ಅಂತ ಹೇಳ್ಲಿಲ್ಲ. ಇತ್ತೆ ಇಜ್ಜಿ ಅಂತ ಹೇಳಿದ್ದು. ಆ ಹೊತ್ತಿಗೆ ಇರ್ಲಿಲ್ಲ, ಅದು ಸುಳ್ಳಲ್ಲ," ಎಂದರು. ಮಕ್ಕಳ ಉತ್ತರಪತ್ರಿಕೆಯಲ್ಲಿ ಕಾಲ ತಪ್ಪಿದರೆ ಅರ್ಧ ಅಂಕ ಕಳೆಯುವ ಮನುಷ್ಯ. ಗೆಳೆಯನ ಎದುರೂ ಅದೇ ವ್ಯಾಕರಣ.

ಡ್ರಾಯಿಂಗ್ ಮಾಸ್ತರರು ಅಲ್ಲಿಯೇ ನಿಂತು, "ಇನ್ನು ನಿನ್ನ ಕೈಯ ನೀರು ಕುಡಿದರೆ, ಈ ಮನೆಯ ನೀರು ಕುಡಿದರೆ, ಕ್ಷೇತ್ರದ ಆಣೆ," ಎಂದು ಹೇಳಿ ಮಳೆಯಲ್ಲಿ ನಡೆದು ಹೋದರು. ನಮ್ಮ ಕಡೆಯವರಿಗೆ ಕ್ಷೇತ್ರದ ಆಣೆ ಎಂದರೆ ಬಾಯಿಮಾತಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳುವವರೂ ಅದಕ್ಕೆ ಹೆದರುತ್ತಾರೆ. ಹಾಕಿದ ಆಣೆಯನ್ನು ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ಹೋಗಿ ದೇವರ ಎದುರು ನಿಂತು, ಆದದ್ದನ್ನು ಹೇಳಿ, ತಪ್ಪುಕಾಣಿಕೆ ಹಾಕಬೇಕು. ಒಬ್ಬರೇ ಹೋದರೆ ಆಗುವುದಿಲ್ಲ.

ಆ ಮೇಲೆ ಮಾಸ್ತರರು ಆ ಗಾಡಿಯನ್ನು ಯಾರಿಗೂ ಮಾರಲಿಲ್ಲ. ಯಂತ್ರ ತರಿಸಿದರು, ಪುಸ್ತಕ ತರಿಸಿದರು, ಇಡೀ ಊರಿನ ಗಾಡಿಗಳ ದೀಪ ನೋಡಲು ಶುರುಮಾಡಿದರು. ಅಳಿಸುವ ಗುಂಡಿಗೆ ಪ್ಲಾಸ್ಟರ್ ಅಂಟಿಸಿದ್ದು ಯಾಕೆ ಎಂದು ನನಗೆ ಆ ದಿನ ಅರ್ಥವಾಯಿತು. ಇಷ್ಟೆಲ್ಲ ಕಷ್ಟಪಟ್ಟು ಕಲಿಯುವ ಬದಲು ಒಂದು ಮಾರು ದೂರದಲ್ಲಿ ಕುಳಿತವರಿಗೆ ಒಂದು ಮಾತು ಹೇಳಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬಂತು. "ನಾನೂ ಹೇಳಿ ಹೇಳಿ ಸೋತೆ," ಎಂದರು ಅಕ್ಕ. "ಗಾಡಿಗೆ ಏನಾಗಿದೆ ಅಂತ ಮೊದಲು ಗೊತ್ತಾಗ್ಲಿ, ಆಮೇಲೆ ಹೇಳ್ತೇನೆ ಅಂತಾರೆ."

ಗಾಡಿಗೆ ಏನಾಗಿದೆ ಎಂಬುದು ಅಷ್ಟು ಸುಲಭಕ್ಕೆ ಗೊತ್ತಾಗುವ ಹಾಗೂ ಇರಲಿಲ್ಲ. ಶೆಡ್ಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೂ ಏನೂ ಇಲ್ಲ. ಬೇಸಗೆಯಲ್ಲಿ ಏನೂ ಇಲ್ಲ. ಮಳೆಗಾಲದಲ್ಲಿ ಏರು ಹತ್ತಿದರೆ ಮಾತ್ರ ದೀಪ. ಪ್ಲಗ್ ಬದಲಿಸಿದರು, ಕಾಯಿಲ್ ಬದಲಿಸಿದರು, ಪೆಟ್ರೋಲು ಪಂಪು ಬಿಚ್ಚಿ ತೊಳೆದರು. ಕೆಲಸದಿಂದ ನಿವೃತ್ತರಾದರು, ಹುಡುಕುವುದು ನಿಲ್ಲಲಿಲ್ಲ. ಅದರ ನಡುವೆ ಡ್ರಾಯಿಂಗ್ ಮಾಸ್ತರರ ಹೆಂಡತಿ ಕಾಯಿಲೆ ಹೆಚ್ಚಾಗಿ ತೀರಿಕೊಂಡರು. ಅದಕ್ಕೂ ಆ ಗಾಡಿಗೂ ಸಂಬಂಧವಿಲ್ಲ, ಆದರೆ ಇವರಿಗೆ ಹಾಗೆ ಅನ್ನಿಸಲಿಲ್ಲ. ನಾರಾವಿಗೆ ನಮ್ಮ ಜೊತೆಗೆ ಬಂದರು. ಅಂಗಳದ ತುದಿಯಲ್ಲಿ, ಕೊಡೆ ಬಿಡಿಸದೆ, ಹನಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಹೆಣ ಎತ್ತುವವರೆಗೂ ನಿಂತರು. ಡ್ರಾಯಿಂಗ್ ಮಾಸ್ತರರು ಒಮ್ಮೆ ಅವರ ಕಡೆ ನೋಡಿದರು. ಆಗಲಾದರೂ ಹತ್ತಿರ ಹೋಗಬಾರದಿತ್ತೇ ಎಂದು ನನಗೆ ಅನ್ನಿಸಿತು.

ಕಾರಣ ಸಿಕ್ಕಿದ್ದು ಕಳೆದ ವರ್ಷದ ಕೊನೆಯಲ್ಲಿ, ನಾನು ಅಲ್ಲಿಯೇ ಇದ್ದೆ. ಸಂಜೆಯ ಹೊತ್ತು. ಅಕ್ಕ ಇಸ್ತ್ರಿ ಮಾಡುತ್ತಿದ್ದರು. ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಅವರ ಕೈಯಲ್ಲಿತ್ತು. ಮಾಸ್ತರರು ಅದನ್ನೇ ನೋಡುತ್ತ ಕುಳಿತವರು ಎದ್ದು, "ಅದು ಒಮ್ಮೆ ಕೊಡು," ಎಂದು ಕಿತ್ತುಕೊಂಡು ಶೆಡ್ಡಿಗೆ ಹೋದರು. ನಾವೂ ಹಿಂದೆ ಹೋದೆವು. ಶೆಡ್ಡಿನ ಬಾಗಿಲು ಅರ್ಧ ಎಳೆದು ಕತ್ತಲೆ ಮಾಡಿ, ಗಾಡಿ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ಇಂಜಿನ್ನಿನ ಮೇಲೆ ಮಂಜಿನ ಹಾಗೆ ನೀರು ಚಿಮುಕಿಸಿದರು. ಒಂದು ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. ಇನ್ನೊಮ್ಮೆ ಚಿಮುಕಿಸಿದರು, ಇನ್ನೊಮ್ಮೆ ಹಾರಿತು. ಇಂಜಿನ್ ಕೆಮ್ಮಿತು. ಒಳಗೆ ಫಲಕದಲ್ಲಿ ಆ ಹಳದಿ ಗಿಂಡಿ ಮಿಣಿಮಿಣಿ ಎನ್ನಲು ಶುರುಮಾಡಿತು.

ಪ್ಲಗ್ಗಿಗೆ ಹೋಗುವ ವಯರಿನ ತುದಿಗೆ ಒಂದು ರಬ್ಬರು ಟೊಪ್ಪಿ ಇರುತ್ತದೆ. ಅದರಲ್ಲಿ ಕೂದಲಿನಷ್ಟು ಸಪೂರದ ಬಿರುಕು. ಒಣಗಿರುವಾಗ ಏನೂ ಇಲ್ಲ. ತೇವ ತಾಗಿ, ಏರಿನಲ್ಲಿ ಇಂಜಿನ್ನಿಗೆ ಭಾರ ಬಿದ್ದಾಗ, ಒಳಗೆ ಹೋಗಬೇಕಾದ ಬೆಂಕಿ ಆ ಬಿರುಕಿನಿಂದ ಹೊರಗೆ ಸೋರುತ್ತಿತ್ತು. ಅವರು ಪ್ಲಗ್ಗು, ಕಾಯಿಲು ಎಲ್ಲ ಬದಲಿಸಿದ್ದರು, ಈ ವಯರನ್ನು ಮಾತ್ರ ಪ್ರತಿ ಸಲ ಒರೆಸಿ ಅದನ್ನೇ ಪುನಃ ಹಾಕುತ್ತಿದ್ದರು.

ಹೊಸ ವಯರು ಹಾಕಿದ ಮೇಲೆ ಮಳೆ ಬರುವುದನ್ನೇ ಕಾದರು. ಮೊದಲ ಮಳೆ ಬಂದ ದಿನ ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಏರು ಹತ್ತಿಸಿದರು. ದೀಪ ಬರಲಿಲ್ಲ. ಸ್ಟೇರಿಂಗನ್ನು ತಟ್ಟಿ ತಟ್ಟಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. ಮನೆಗೆ ಬಂದು ಆ ಹಳೆಯ ರಬ್ಬರು ಟೊಪ್ಪಿಯನ್ನು ಒಂದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಟೀಚರ್, ನೀವು ಹೇಗೂ ಮೂಡುಬಿದಿರೆಗೆ ಹೋಗುವವರಲ್ಲವಾ, ನಾರಾವಿಯಲ್ಲಿ ಒಮ್ಮೆ ಇಳಿದು ಇದನ್ನು ಅವರಿಗೆ ತೋರಿಸಿ. ಕಾರಣ ಸಿಕ್ಕಿತು ಅಂತ ಹೇಳಿ."

ಅವರಿಬ್ಬರೂ ನಿವೃತ್ತರಾಗಿದ್ದರೂ ನನ್ನ ಅಂಚೆ ಕೆಲಸ ತಪ್ಪಲಿಲ್ಲ. ಹೋದೆ. ಡ್ರಾಯಿಂಗ್ ಮಾಸ್ತರರು ಜಗಲಿಯಲ್ಲಿ ರಬ್ಬರು ಹಾಳೆ ಮಡಚುತ್ತಿದ್ದರು. ಬೆಲ್ಲ ನೀರು ಕೊಟ್ಟರು. ನಾನು ಟೊಪ್ಪಿ ತೋರಿಸಿ, ಇಸ್ತ್ರಿ ಬಾಟಲಿಯ ಕತೆಯನ್ನೆಲ್ಲ ಹೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಬಿರುಕನ್ನು ನೋಡಿದರು. ಮನೆ ತುಂಬ ರಬ್ಬರು ಇಟ್ಟುಕೊಂಡವನಿಗೆ ಇದೊಂದು ಚೂರು ರಬ್ಬರು ಎಂದು ನಕ್ಕರು. ಆಮೇಲೆ ಅದನ್ನು ಕಾಗದದಲ್ಲಿ ಮೊದಲಿನ ಹಾಗೆಯೇ ಸುತ್ತಿ ನನಗೆ ವಾಪಸು ಕೊಟ್ಟರು.

"ಟೀಚರ್, ಅವರಿಗೆ ಹೇಳಿ. ಗಾಡಿಗೆ ಎಂತ ಆಗಿತ್ತು ಅಂತ ನಾನು ಕೇಳ್ಲೇ ಇಲ್ಲ. ಗೊತ್ತಿತ್ತಾ ಅಂತ ಕೇಳಿದ್ದು."

ಲಾಯಿಲಕ್ಕೆ ಬಂದು ಅದನ್ನು ಹಾಗೆಯೇ ಹೇಳಿದೆ. ಮಾಸ್ತರರ ಕೈ ಕನ್ನಡಕದ ಕಡೆಗೆ ಹೋಯಿತು, ಆದರೆ ತೆಗೆಯಲಿಲ್ಲ. ಒಳಗೆ ಹೋಗಿ ಮಲಗಿದರು. ಸುಮಾರು ದಿನ ನಮ್ಮ ಮನೆಯ ಕಡೆ ಬರಲಿಲ್ಲ. ಯಾರೋ ಗಾಡಿ ತಂದರೆ, "ಗ್ಯಾರೇಜಿಗೆ ಹೋಗಿ" ಎಂದು ಕಳಿಸಿದರಂತೆ.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟು, ಕೀ ಅರ್ಧ ತಿರುಗಿಸಿ ದೀಪ ನೋಡುತ್ತ ಕುಳಿತಿದ್ದೆ. ಅವರು ಓಣಿ ದಾಟಿ ಬಂದು ಕಿಟಕಿಯ ಹತ್ತಿರ ಬಗ್ಗಿದರು.

"ಗೊತ್ತಿತ್ತು, ಟೀಚರ್."

ನಾನು ಕೀಯಿಂದ ಕೈ ತೆಗೆದೆ. "ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ ಮಾಸ್ತರ್ರೆ? ಅವರ ಹತ್ತಿರ ಹೇಳಿ. ಫೋನ್ ಮಾಡಿ ಕೊಡ್ಲಾ?"

"ಫೋನಿನಲ್ಲಿ ಹೇಳುವ ಮಾತಾ ಅದು? ಕ್ಷೇತ್ರದಲ್ಲಿ ಹೇಳ್ತೇನೆ, ದೇವರ ಎದುರು. ಅದೇ ಗಾಡಿಯಲ್ಲಿ ಅವರನ್ನು ಕೂರಿಸಿಕೊಂಡು ಹೋಗ್ತೇನೆ. ನೀವು ಅವರಿಗೆ ಹೇಳಿ, ಈ ಮಳೆ ಒಂದು ಬಿಡಲಿ, ಹೋಗುವ ಅಂತ."

ಆ ದಿನವೇ ನಾರಾವಿಗೆ ಫೋನ್ ಮಾಡಿದೆ. 'ಗೊತ್ತಿತ್ತು' ಎಂದದ್ದನ್ನು ಹೇಳಲಿಲ್ಲ, ಅದು ಅವರೇ ಹೇಳಬೇಕಾದದ್ದು ಎಂದು ಉಳಿಸಿದೆ. ಕ್ಷೇತ್ರಕ್ಕೆ ಹೋಗುವ ಮಾತು ಮಾತ್ರ ಹೇಳಿದೆ.

"ಅದೇ ಗಾಡಿಯಲ್ಲಾ?"

"ಹೌದು."

"ಆಯ್ತು. ಮಳೆ ಬಿಡಲಿ. ಹೋಗುವ."

ನಮ್ಮ ಈ ಹೋಗುವ, ಮಾಡುವ, ನೋಡುವ ಎಂಬ ಮಾತುಗಳ ಮೇಲೆ ನನಗೆ ಈಗ ಸಿಟ್ಟು ಬರುತ್ತದೆ. ಹೋಗುವ ಎಂದರೆ ಈಗಲೇ ಎದ್ದು ಹೊರಡುವುದೂ ಹೌದು, ಯಾವಾಗಲಾದರೂ ಒಮ್ಮೆ ಎಂಬುದೂ ಹೌದು. ಕಾಲ ತಪ್ಪಿದರೆ ಅಂಕ ಕಳೆಯುವ ನಮ್ಮ ಮಾಸ್ತರರಿಗೂ ಆ ಮಾತಿನಲ್ಲಿ ಕಾಲವೇ ಇಲ್ಲ ಎಂದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಗಾಡಿಯನ್ನು ತೊಳೆದು, ಸೀಟಿಗೆ ಹೊಸ ಬಟ್ಟೆ ಹೊಲಿಸಿ ಅವರು ಮಳೆ ಬಿಡುವುದನ್ನು ಕಾದರು. ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಹಾಗೆಯೇ ಗೋಡೆಗೆ ಒರಗಿದರು. ನನ್ನ ಗಂಡ ಓಡಿಹೋಗಿ ನಮ್ಮ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ದಾರಿಯಲ್ಲಿಯೇ ಎಲ್ಲ ಮುಗಿದಿತ್ತು.

ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟದ ದಿನ ಡ್ರಾಯಿಂಗ್ ಮಾಸ್ತರರು ಬಸ್ಸಿನಲ್ಲಿ ಬಂದರು. ಅಷ್ಟು ವರ್ಷಗಳ ಮೇಲೆ ಆ ಅಂಗಳಕ್ಕೆ ಕಾಲಿಟ್ಟದ್ದು. ಪಂಕ್ತಿಯಲ್ಲಿ ಕೂರಲಿಲ್ಲ. ಶೆಡ್ಡಿನ ಹತ್ತಿರ ಹಾಕಿದ್ದ ಒಂದು ಕುರ್ಚಿಯಲ್ಲಿ ಕುಳಿತರು. ಅಕ್ಕ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದು ಎದುರು ಇಟ್ಟರು. ಅವರು ಲೋಟದ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿದರು, ಹಾಗೆಯೇ ಬಿಟ್ಟರು.

"ಇನ್ನೂ ಆಣೆಯಾ?" ಎಂದರು ಅಕ್ಕ.

"ಬಿಡಿಸ್ಲಿಕ್ಕೆ ಇಬ್ಬರೂ ಬೇಕಲ್ಲ, ಅಕ್ಕ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ನನ್ನಲ್ಲಿ ಒಂದು ಮಾತು ಉಳಿದಿತ್ತಲ್ಲ, ಅದನ್ನು ಇನ್ನು ಯಾರಿಗಾಗಿ ಇಟ್ಟುಕೊಳ್ಳಲಿ? "ಅವರು ಗೊತ್ತಿತ್ತು ಅಂತ ಹೇಳಿದ್ದಾರೆ. ನನ್ನ ಹತ್ತಿರ ಹೇಳಿದ್ದು. ಕ್ಷೇತ್ರದಲ್ಲಿ ನಿಮಗೆ ಹೇಳ್ಬೇಕು ಅಂತ ಇದ್ರು."

ಅವರು ತಮ್ಮ ಉಗುರುಗಳನ್ನು ನೋಡಿಕೊಂಡರು.

"ಅದು ಅವನು ನನ್ನ ಹತ್ತಿರ ಹೇಳ್ಬೇಕಿತ್ತು, ಟೀಚರ್," ಎಂದರು. ಅವನು ಎಂದರು. ನಾನು ಕೇಳಿದ್ದು ಮೊದಲ ಸಲ. "ನಾನಾದ್ರೂ ಎಂತ ಮಾಡಿದೆ? ಒಂದು ಮಾತು ಕೇಳ್ಲಿಕ್ಕೆ ಅಂತ ಇಷ್ಟು ವರ್ಷ ಕೂತೆ. ಅವನಿಗೆ ಗೊತ್ತಿತ್ತು ಅಂತ ನನಗೆ ಗೊತ್ತೇ ಇತ್ತಲ್ಲ."

ಆಮೇಲೆ ಎದ್ದು ಗಾಡಿಯ ಕೀ ಕೇಳಿದರು. ಅಕ್ಕ ಒಳಗಿನಿಂದ ತಂದುಕೊಟ್ಟರು. ಅವರು ಬಾಗಿಲು ತೆಗೆದು, ಹೊಸ ಬಟ್ಟೆ ಹಾಕಿದ ಸೀಟಿನಲ್ಲಿ ಕುಳಿತು, ಕೀಯನ್ನು ಅರ್ಧ ತಿರುಗಿಸಿ ಕಾದರು. ದೀಪಗಳೆಲ್ಲ ಹೊತ್ತಿಕೊಂಡವು. ನಡುವೆ ಆ ಹಳದಿ ಗಿಂಡಿಯೂ ಬಂತು. ಮತ್ತೆ ಪೂರ್ತಿ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಹಳದಿ ದೀಪ ಆರಿತು. ಅವರು ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟು ಅದು ಇದ್ದ ಜಾಗವನ್ನೇ ನೋಡುತ್ತಿದ್ದರು. ನಾವು ಇಬ್ಬರೂ ಪಕ್ಕದಲ್ಲಿ ನಿಂತಿದ್ದೆವು, ಆದರೆ ನಮ್ಮ ಹತ್ತಿರ ಹೇಳಿದ್ದಲ್ಲ.

"ಇತ್ತೆ ಇಜ್ಜಿ," ಎಂದರು.